ಮುಯ್ಯಿಗೆ ಕೊಟ್ಟ ಮಗು

ಬೆಳಿಗ್ಗೆ ಎಂಟು ಗಂಟೆಗೆ ಗೂಡು ಬೀದಿಯ ಹೆಂಗಸರು ಮಕ್ಕಳನ್ನು ಬದಲಾಯಿಸಿಕೊಳ್ಳುತ್ತಿದ್ದರು.

ಐದು ನಿಮಿಷದ ಗದ್ದಲ ಅಷ್ಟೆ. ಒಂದರ ಹಿಂದೊಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಒಬ್ಬಳ ಕಂಕುಳಿಂದ ಇಳಿದ ಮಗು ಇನ್ನೊಬ್ಬಳ ಕಂಕುಳು ಏರುತ್ತಿತ್ತು. ಹಾಲಿನ ಬಾಟಲಿ, ಬದಲಿ ಚಡ್ಡಿ, ಕಿವಿ ಹರಿದ ಬಟ್ಟೆಯ ಮೊಲ, ನಿನ್ನೆಯಿಂದ ಸ್ವಲ್ಪ ಕೆಮ್ಮು ಎಂಬ ವರದಿ, ಎಲ್ಲವೂ ಕೈ ಬದಲಾಗುತ್ತಿದ್ದವು. ಎಂಟೂ ಐದಕ್ಕೆ ಬೀದಿ ನಿಶ್ಶಬ್ದ. ಪ್ರತಿ ಮನೆಯಲ್ಲೂ ಒಬ್ಬಳು ತಾಯಿ, ಒಂದು ಮಗು. ಆದರೆ ಯಾವ ಮನೆಯಲ್ಲೂ ಆ ತಾಯಿ ಹೆತ್ತ ಮಗು ಅದಲ್ಲ.

ರಾಮನಗರಕ್ಕೆ ಹೊಸದಾಗಿ ಬಂದವರಿಗೆ ಇದು ಹುಚ್ಚಾಟವೆನಿಸುತ್ತಿತ್ತು. ಬೀದಿಯವರಿಗೆ ಇದು ಉದ್ಯೋಗ.

ಹೊಲದ ಕೆಲಸವನ್ನು ಯಂತ್ರಗಳು ತೆಗೆದುಕೊಂಡು ಎಷ್ಟೋ ವರ್ಷಗಳಾಗಿದ್ದವು. ಆಮೇಲೆ ಕಾರ್ಖಾನೆಯ ಕೆಲಸ ಹೋಯಿತು. ಕೊನೆಗೆ, ಇದೊಂದು ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರೂ ನಂಬಿಕೊಂಡಿದ್ದ ಕಚೇರಿಯ ಕೆಲಸವೂ ಹೋಯಿತು. ಉಳಿದದ್ದು ಮನುಷ್ಯ ಮನುಷ್ಯನನ್ನು ನೋಡಿಕೊಳ್ಳುವ ಕೆಲಸ ಮಾತ್ರ. ಅದನ್ನೂ ಯಂತ್ರಕ್ಕೆ ವಹಿಸಿ ನೋಡಿದ್ದರು. ಯಂತ್ರದ ಕೈಯಲ್ಲಿ ಮಕ್ಕಳ ತೂಕ ಇಳಿಯಿತು, ಮುದುಕರು ಊಟ ಬಿಟ್ಟರು. ಆಗ ಸರ್ಕಾರ ಆರೈಕೆಯನ್ನೇ ಉದ್ಯೋಗವೆಂದು ಘೋಷಿಸಿತು. ದಿನಕ್ಕೆ ಎಂಟು ಗಂಟೆ ಒಂದು ಜೀವವನ್ನು ನೋಡಿಕೊಂಡವರು ಉದ್ಯೋಗಸ್ಥರು; ಅವರ ಮನೆಗೆ ದಿನಸಿ, ಔಷಧಿ, ವಿದ್ಯುತ್ತಿನ ಪಾಲು. ಷರತ್ತು ಒಂದೇ. ಆ ಜೀವ ಸ್ವಂತದ್ದಾಗಿರಬಾರದು. ತನ್ನ ಮಗುವಿಗೆ ತಾನು ಉಣಿಸುವುದು ಹಿಂದೆಂದೂ ಕೆಲಸವೆಂದು ಎಣಿಕೆಯಾದದ್ದಿಲ್ಲ; ಹೊಸ ಕಾಯ್ದೆ ಬರೆದವರು ಆ ಸಾಲನ್ನು ಹಳೆಯದರಿಂದ ಹಾಗೆಯೇ ಎತ್ತಿ ಇಟ್ಟಿದ್ದರು.

ತರಬೇತಿ ಪಡೆದ ಹೆಂಗಸರು ಬಸ್ಸು ಹತ್ತಿ ದೂರದ ಬಡಾವಣೆಗಳಿಗೆ ಹೋಗುತ್ತಾರೆಂದು ಅಧಿಕಾರಿಗಳು ಎಣಿಸಿದ್ದರು. ಗೂಡು ಬೀದಿಯವರಿಗೆ ಅದಕ್ಕಿಂತ ಹಳೆಯ ದಾರಿ ಗೊತ್ತಿತ್ತು. ನಾಟಿಯ ಕಾಲದಲ್ಲಿ ಅವರ ಅಜ್ಜಿಯರು ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ ಎಂದು ಮುಯ್ಯಾಳು ಮಾಡುತ್ತಿದ್ದರಲ್ಲ, ಅದೇ. ನಿನ್ನ ಮಗುವನ್ನು ನಾನು ನೋಡುತ್ತೇನೆ, ನನ್ನದನ್ನು ನೀನು ನೋಡು. ಇಬ್ಬರೂ ಉದ್ಯೋಗಸ್ಥರು, ಮಗುವೂ ಬೀದಿ ಬಿಟ್ಟು ಹೋಗುವುದಿಲ್ಲ. ಗಂಡಸರು ತಮ್ಮ ತಮ್ಮ ಅಪ್ಪಂದಿರನ್ನು ಹೀಗೆಯೇ ಮುಯ್ಯಿಗೆ ಕೊಟ್ಟುಕೊಂಡರು. ಚರಿತಾಳ ಗಂಡ ಲೋಹಿತ್ ದಿನವೂ ಹಿಂದಿನ ಬೀದಿಗೆ ಹೋಗಿ ಒಬ್ಬ ಮುದುಕರಿಗೆ ಕ್ಷೌರ ಮಾಡಿ, ಪೇಪರು ಓದಿ ಹೇಳಿ ಬರುತ್ತಿದ್ದ. ಆ ಮುದುಕರ ಮಗ ಲೋಹಿತನ ಅಪ್ಪನ ಕಾಲು ನೀವುತ್ತಿದ್ದ.

ಚರಿತಾಳ ಮಗಳು ಹೊನ್ನಿಗೆ ಎರಡು ವರ್ಷ. ಎದುರು ಮನೆಯ ಮಹಡಿಯಲ್ಲಿದ್ದ ಸಿಂಚನಾಳ ಮಗ ನಚಿಗೆ ಅದಕ್ಕಿಂತ ಮೂರು ತಿಂಗಳು ಹೆಚ್ಚು. ಒಂದು ವರ್ಷದ ಕೆಳಗೆ ಇಬ್ಬರೂ ಮುಯ್ಯಿ ಶುರುಮಾಡಿದಾಗ ಚರಿತಾಳ ಕಾಲು ಉಳುಕಿ ಪಟ್ಟಿ ಕಟ್ಟಿತ್ತು. ಹಾಗಾಗಿ ಸಿಂಚನಾ ತಾನೇ ನಚಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದು, ಅವನನ್ನು ಬಿಟ್ಟು ಹೊನ್ನಿಯನ್ನು ಎತ್ತಿಕೊಂಡು ಹೋಗುತ್ತಿದ್ದಳು. ಸಂಜೆ ಐದಕ್ಕೆ ಅವಳೇ ಹೊನ್ನಿಯನ್ನು ತಂದುಬಿಟ್ಟು ಮಗನನ್ನು ಕರೆದೊಯ್ಯುತ್ತಿದ್ದಳು. ಕಾಲು ವಾಸಿಯಾದರೂ ಆ ಪದ್ಧತಿ ಹಾಗೆಯೇ ಉಳಿಯಿತು. ಚರಿತಾ ಹೊಸ್ತಿಲು ದಾಟುತ್ತಿರಲಿಲ್ಲ.

ಕೆಲಸ ನಡೆದಿದೆ ಎಂದು ಸರ್ಕಾರಕ್ಕೆ ತಿಳಿಸುತ್ತಿದ್ದದ್ದು ಒಂದು ಮಣಿ. ಕಡಲೆಕಾಳಿನಷ್ಟು ದೊಡ್ಡದು, ಮಗುವಿನ ಉಡಿದಾರಕ್ಕೆ ಪೋಣಿಸುತ್ತಿದ್ದರು. ಅದು ಮಗುವಿನ ಎದೆಬಡಿತ, ಉಸಿರು, ಮೈ ಬೆವರು ಮೂರನ್ನೂ ಗಮನಿಸುತ್ತಿತ್ತು. ದೊಡ್ಡವರ ಮುಂಗೈಯಲ್ಲಿ ಒಂದು ಪಟ್ಟಿ. ಮಣಿ ಮತ್ತು ಪಟ್ಟಿ ಹತ್ತಿರವಿದ್ದರೆ ಗಂಟೆ ಲೆಕ್ಕಕ್ಕೆ ಬರುತ್ತಿತ್ತು. ಮಗು ಎಷ್ಟು ನೆಮ್ಮದಿಯಾಗಿದೆ ಎಂಬುದಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಬರುತ್ತಿತ್ತು. ತಿಂಗಳ ಮೊದಲ ದಿನ ಅದರ ಚೀಟಿ ಫೋನಿಗೆ ಬರುತ್ತಿತ್ತು.

ಆ ತಿಂಗಳ ಚೀಟಿಯಲ್ಲಿ ಹೊಸ ಸಾಲೊಂದಿತ್ತು. ಅಕ್ಕಿ ತೊಳೆಯುತ್ತಿದ್ದ ಚರಿತಾ ಒದ್ದೆ ಬೆರಳಲ್ಲೇ ಅದನ್ನು ತೆರೆದು ಓದಿದಳು. ಹೋಲಿಕೆಗೆಂದು ಇನ್ನು ಮುಂದೆ ತಾಯಿಯ ಅಂಕವನ್ನೂ ಕೊಡಲಾಗುವುದು ಎಂದಿತ್ತು. ಕೆಳಗೆ: ಹೊನ್ನಿ, ಸಿಂಚನಾ ಬಳಿ ತೊಂಬತ್ತೊಂದು. ತಾಯಿಯ ಬಳಿ ಐವತ್ತೆಂಟು.

ಅಕ್ಕಿಯ ನೀರನ್ನು ಬಸಿದಳು. ಮತ್ತೆ ತೆರೆದು ಓದಿದಳು. ಅಂಕ ಬದಲಾಗಿರಲಿಲ್ಲ.

ಲೋಹಿತನಿಗೆ ತೋರಿಸಿದಾಗ ಅವನು ನಕ್ಕುಬಿಟ್ಟ. “ನಮ್ಮಪ್ಪಂಗೆ ನನ್ನ ಹತ್ರ ಬರೋದು ಇಪ್ಪತ್ತೆರಡು ಕಣೆ. ಆ ಹಿಂದಿನ ಬೀದಿಯೋನ ಹತ್ರ ಎಂಬತ್ತು. ನಾನೇನು ಅಳ್ತಾ ಕೂತಿದೀನಾ?”

ಅವಳಿಗೆ ನಗು ಬರಲಿಲ್ಲ. ಆ ಸಂಜೆ ಹೊನ್ನಿ ಮನೆಗೆ ಬಂದಾಗ ಅವಳ ತಲೆಗೂದಲಲ್ಲಿ ಸಾಂಬ್ರಾಣಿಯ ವಾಸನೆಯಿತ್ತು. ಸಿಂಚನಾ ಎಣ್ಣೆ ಹಚ್ಚಿ ನೀರು ಹಾಕಿ ಹೊಗೆ ಕೊಟ್ಟಿದ್ದಳು. ಹಿಂದೆಯೂ ಎಷ್ಟೋ ಸಲ ಕೊಟ್ಟಿದ್ದಳು. ಆಗೆಲ್ಲ ಚರಿತಾ ಮಗುವಿನ ನೆತ್ತಿಗೆ ಮೂಗಿಟ್ಟು ಆಹಾ ಎಂದಿದ್ದಳು. ಇವತ್ತು ಅದು ಬೇರೆ ಮನೆಯ ವಾಸನೆಯಾಗಿ ಬಡಿಯಿತು. ತನ್ನ ಹೊಟ್ಟೆಯಲ್ಲಿದ್ದ ತಲೆ, ತನ್ನ ಎದೆಗೆ ಒರಗಿ ಬೆಳೆದ ತಲೆ ಇನ್ನೊಬ್ಬಳ ಮನೆಯಂತೆ ಘಮಘಮಿಸುತ್ತಿತ್ತು. ಮಗುವನ್ನು ಬಚ್ಚಲಿಗೆ ಒಯ್ದು ಮತ್ತೊಮ್ಮೆ ತಲೆ ತೊಳೆದಳು. ಕಣ್ಣಿಗೆ ನೀರು ಹೋಗಿ ಹೊನ್ನಿ ಗೋಳಾಡಿದಳು. ಮಣಿ ಅದನ್ನೂ ಬರೆದುಕೊಂಡಿರಬೇಕು.

ಮಾರನೆಯ ದಿನದಿಂದ ಚರಿತಾ ಅಂಕಕ್ಕಾಗಿ ಬದುಕತೊಡಗಿದಳು. ಮೊದಲೆಲ್ಲ ಸಂಜೆ ಮಗಳು ಬಂದೊಡನೆ ಅವಳನ್ನು ಮೇಲಕ್ಕೆ ಹಾರಿಸಿ ಹಿಡಿಯುತ್ತಿದ್ದಳು, ಹೊಟ್ಟೆಗೆ ಬಾಯಿಟ್ಟು ಬುರ್ ಎನ್ನಿಸುತ್ತಿದ್ದಳು. ಈಗ ಅದನ್ನೆಲ್ಲ ನಿಲ್ಲಿಸಿದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾನೂ ಅಲುಗಾಡದೆ, ಮೆತ್ತಗೆ ಬೆನ್ನು ಸವರುತ್ತಾ ಕೂರುತ್ತಿದ್ದಳು. ಹೊನ್ನಿ ಅವಳ ಕೆನ್ನೆಗೆ ತಟ್ಟಿ ನೋಡುತ್ತಿದ್ದಳು. ಅಮ್ಮ ಏಳದಿದ್ದಾಗ ಕಣ್ಣಿನ ರೆಪ್ಪೆಯನ್ನು ಬೆರಳಿಂದ ಎತ್ತುತ್ತಿದ್ದಳು.

ಮುಂದಿನ ತಿಂಗಳು ತಾಯಿಯ ಅಂಕ ಅರವತ್ತೊಂದಾಯಿತು. ಸಿಂಚನಾಳದು ತೊಂಬತ್ತೆರಡು.

ಚರಿತಾಳ ತಾಯಿ ಪವಿತ್ರಮ್ಮ ಎರಡು ಬೀದಿ ಆಚೆ ಇದ್ದರು. ಸಂಜೆ ಬಂದು ಕೂತು, ಅವರೆಕಾಳು ಸುಲಿದುಕೊಟ್ಟು ಹೋಗುತ್ತಿದ್ದರು. ಹದಿನೆಂಟು ವರ್ಷ ರೇಷ್ಮೆ ನೂಲು ಬಿಚ್ಚುವ ಫಿಲೇಚರಿನಲ್ಲಿ ಬಿಸಿನೀರಿನ ಬಾಣಲೆಯಿಂದ ಗೂಡಿನ ಎಳೆ ಎತ್ತಿದ ಕೈ ಅವರದು. ಬೆರಳಿನ ತುದಿಗಳು ಈಗಲೂ ಬೆಳ್ಳಗೆ ಸುಕ್ಕಾಗಿದ್ದವು. ಮಗಳ ಮುಖ ನೋಡಿ ವಿಷಯ ಕೇಳಿ ತಿಳಿದುಕೊಂಡರು. ಆಮೇಲೆ ಸುಲಿಯುವುದನ್ನು ನಿಲ್ಲಿಸದೆ ತಮ್ಮ ಕಥೆ ಹೇಳಿದರು. ಅವರ ಅಮ್ಮ ನಾಟಿಗೆ ಹೋಗುತ್ತಿದ್ದಾಗ ಬದುವಿನ ಹೊಂಗೆಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಿದ್ದರಂತೆ. ಅತ್ತರೆ ಕೆಸರುಗೈ ಒರೆಸಿಕೊಂಡು ಬಂದು ಹಾಲು ಕೊಡುವುದು. ಫಿಲೇಚರಿನ ಬಾಗಿಲಲ್ಲಿ ಜೋಲಿ ಕಟ್ಟಲು ಬಿಡುವವರು ಯಾರು? ಹಾಗಾಗಿ ಚರಿತಾಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದರು.

“ಸಂಜೆ ಓಡೋಡಿ ಬಂದು ಎತ್ಕೊಳಕ್ಕೆ ಹೋದ್ರೆ ಮೂತಿ ತಿರುಗಿಸ್ತಿದ್ದೆ ನೀನು,” ಎಂದರು ಪವಿತ್ರಮ್ಮ. “ನನ್ನ ಕೈಯೆಲ್ಲ ಬೆಂದ ಹುಳದ ವಾಸನೆ. ನಮ್ಮಮ್ಮನ ಸೆರಗು ಹಿಡ್ಕೊಂಡು ಅವಳ ಹಿಂದೆ ಬಚ್ಚಿಟ್ಕೊಳ್ತಿದ್ದೆ. ನಮ್ಮಮ್ಮನ್ನ ಹೊಡೆದುಬುಡ್ಲಾ ಅನ್ಸೋದು ಕಣವ್ವ ನಂಗೆ.”

“ಹೊಡೆದ್ಯಾ?”

“ನಿಂಬೆಹಣ್ಣು ತಿಕ್ಕಿ ಕೈ ತೊಳೆದೆ. ಆರು ವರ್ಷ ತೊಳೆದೆ.”

ಈ ಕಥೆಯಿಂದ ಚರಿತಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಜ್ಜಿ ರಕ್ತಸಂಬಂಧ, ಸಿಂಚನಾ ಯಾರು? ಅವಳು ಮಗುವನ್ನು ಎತ್ತಿಕೊಳ್ಳುವ ರೀತಿಯನ್ನು ಚರಿತಾ ಕದ್ದು ನೋಡತೊಡಗಿದಳು. ಅವಸರವಿಲ್ಲದ ಕೈ, ತಗ್ಗಿದ ದನಿ. ತನಗಿಂತ ಮೂರು ವರ್ಷ ದೊಡ್ಡವಳೆಂದು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಈಗ ಆ ಅಕ್ಕ ಎಂಬ ಮಾತು ಬಾಯಲ್ಲಿ ಒರಟಾಗಿ ಹೊರಡುತ್ತಿತ್ತು. ಒಂದು ಬೆಳಿಗ್ಗೆ ಹೊನ್ನಿ, ಸಿಂಚನಾ ಕೈ ಚಾಚುವ ಮೊದಲೇ ತಾನೇ ಬಾಗಿ ಅವಳ ಕೊರಳಿಗೆ ಬಿದ್ದಳು. ಸಿಂಚನಾ ನಗುತ್ತಾ, ನೋಡು ನಿನ್ನ ಮಗಳಿಗೆ ನಮ್ಮನೆ ದೋಸೆ ಮೇಲೆ ಎಷ್ಟು ಆಸೆ ಎಂದಳು. ದೋಸೆಯಂತೆ. ಮನಸ್ಸು ನೋಯದಿರಲಿ ಎಂದು ಆಡಿದ ಮಾತು ಅದು, ಅದು ಚರಿತಾಳಿಗೂ ಗೊತ್ತಾಯಿತು. ಅದಕ್ಕೇ ಹೆಚ್ಚು ಉರಿಯಿತು.

ಅಂದು ಮಧ್ಯಾಹ್ನ ನಚಿ ನಿದ್ದೆ ಹೋದ ಮೇಲೆ ಅವಳು ದೂರಿನ ಅರ್ಜಿ ತೆರೆದಳು. ಅನುಮೋದನೆಯಿಲ್ಲದ ಪದ್ಧತಿಗಳು ಎಂಬ ತಲೆಬರಹದ ಕೆಳಗೆ ಉದ್ದದ ಪಟ್ಟಿ: ಕಣ್ಣಿಗೆ ಕಾಡಿಗೆ, ಹೊಕ್ಕುಳಿಗೆ ಹರಳೆಣ್ಣೆ, ದೃಷ್ಟಿ ತೆಗೆಯುವುದು, ಸಾಂಬ್ರಾಣಿ ಹೊಗೆ. ಗೂಡು ಬೀದಿಯ ಪ್ರತಿ ಮನೆಯಲ್ಲೂ ಕಿಟಕಿ ಮುಚ್ಚಿಕೊಂಡು ಇವೆಲ್ಲ ನಡೆಯುತ್ತಿದ್ದವು. ಕಳೆದ ಶುಕ್ರವಾರ ಅವಳೇ ನಚಿಗೆ ತಲೆಗೆ ನೀರು ಹೊಯ್ದು, ಬುಟ್ಟಿ ಕವುಚಿ ಹೊಗೆ ಕೊಟ್ಟಿದ್ದಳು. ಸಾಂಬ್ರಾಣಿಯ ಮುಂದೆ ಗುರುತು ಹಾಕಿದಳು. ಮಾಡಿದವರ ಹೆಸರು ಕೇಳಿತು. ಬರೆದಳು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡು ದಿನದಲ್ಲಿ ಉತ್ತರ ಬಂತು. ಬರುವ ಸೋಮವಾರದಿಂದ ಈ ಜೋಡಿ ರದ್ದು. ಎರಡೂ ಮಕ್ಕಳನ್ನು ಬೇರೆ ಬೇರೆ ಬಡಾವಣೆಗೆ ಹಂಚಲಾಗುವುದು. ಸಿಂಚನಾ ಮೂರು ತಿಂಗಳು ಮರುತರಬೇತಿಗೆ ಹೋಗಬೇಕು. ಆ ಅವಧಿಯಲ್ಲಿ ಅವಳು ಉದ್ಯೋಗಸ್ಥೆಯಲ್ಲ. ದೂರು ಕೊಟ್ಟವರ ಹೆಸರು ಗೋಪ್ಯ. ದೂರುದಾರರು ಬಯಸಿದರೆ ಸಮತೋಲನ ಕೇಂದ್ರಕ್ಕೆ ಬಂದು ಜೋಡಿಯ ಎರಡೂ ಮಕ್ಕಳ ದಾಖಲೆಯನ್ನು ಒಮ್ಮೆ ನೋಡಬಹುದು.

ಗುರುವಾರ ರಜೆ ಹಾಕಿ ಮಗಳನ್ನು ಅಮ್ಮನ ಬಳಿ ಬಿಟ್ಟು ಅವಳು ನೋಡಲು ಹೋದಳು.

ಹಳೆಯ ರೇಷ್ಮೆಗೂಡಿನ ಮಾರುಕಟ್ಟೆಯ ಕಟ್ಟಡದಲ್ಲೇ ಸಮತೋಲನ ಕೇಂದ್ರವಿತ್ತು. ಗೂಡು ಹರಾಜಾಗುತ್ತಿದ್ದ ಉದ್ದನೆಯ ಹಜಾರದಲ್ಲಿ ಈಗ ತಣ್ಣನೆಯ ಗಾಳಿ, ಮೇಜುಗಳ ಸಾಲು, ಗೋಡೆಯಷ್ಟು ಅಗಲದ ಪರದೆ. ಪರದೆಯ ಎಡದಿಂದ ಬಲಕ್ಕೆ ಜಿಲ್ಲೆಯ ನೂರು ವರ್ಷದ ದುಡಿಮೆ ಹರಡಿಕೊಂಡಿತ್ತು. ಎಡತುದಿಯಲ್ಲಿ ಎಲ್ಲವೂ ಹಸಿರು: ಬೇಸಾಯ. ಅದು ಬಲಕ್ಕೆ ಬರುತ್ತಾ ಬರುತ್ತಾ ಸವೆದು ದಾರದಷ್ಟಾಗಿತ್ತು. ನಡುವೆ ಕಾರ್ಖಾನೆಯ ಕೆಂಪು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ಇಳಿದಿತ್ತು. ಅದರ ಮೇಲೆ ಕಚೇರಿ, ಅಂಗಡಿ, ಸಾಗಣೆಗಳ ನೀಲಿ. ಆ ನೀಲಿ ಮಾತ್ರ ಸವೆದಿರಲಿಲ್ಲ, ಕತ್ತರಿಸಿದ ಹಾಗೆ ಒಂದು ಕಡೆ ನಿಂತುಬಿಟ್ಟಿತ್ತು. ಅಲ್ಲಿಂದಾಚೆಗೆ ಆರೈಕೆಯ ಅರಿಶಿನ ಬಣ್ಣ, ಮೇಲಿನಿಂದ ಕೆಳತನಕ.

ನೀಲಿ ನಿಂತ ಜಾಗ ಚರಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ವಿಮಾ ಕಚೇರಿಯೊಂದರಲ್ಲಿ ಅರ್ಜಿ ಪರಿಶೀಲಿಸುತ್ತಿದ್ದಳು. ಒಂದು ಮಂಗಳವಾರ ಆ ಕೆಲಸ ಇರಲಿಲ್ಲ. ಹಸಿರಿನಲ್ಲಿ ಮಗು ಬದುವಿನ ಮೇಲೆ, ಕೆಂಪಿನಲ್ಲಿ ಅಜ್ಜಿಯ ಮನೆಯಲ್ಲಿ. ನೀಲಿಯ ಕಾಲದಲ್ಲಿ ಅವಳ ಚಿಕ್ಕಮ್ಮ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಗಂಟೆಗೊಮ್ಮೆ ಫೋನಿನಲ್ಲಿ ಅದರ ಮುಖ ನೋಡುತ್ತಿದ್ದಳು. ಬಣ್ಣ ಬದಲಾದಾಗಲೆಲ್ಲ ಮಗು ಮಲಗುವ ಜಾಗವೂ ಬದಲಾಗಿತ್ತು. ಪರದೆಯ ಮೇಲೆ ಅದನ್ನು ತೋರಿಸುವ ಗೆರೆ ಎಲ್ಲೂ ಇರಲಿಲ್ಲ.

ದಾಖಲೆ ತೋರಿಸುವ ಕೆಲಸ ಜಬೀನ್ ಮೇಡಂ ಅವರದು. ಐವತ್ತರ ಹತ್ತಿರದ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಸಿಕ್ಕ ಮೇಲೆ ಹೊನ್ನಿಯ ಎದೆಬಡಿತದ ಗೆರೆಯನ್ನು ತೆರೆದರು. ಮಧ್ಯಾಹ್ನದಿಂದ ಸಂಜೆಯವರೆಗೆ ಗೆರೆ ಕೆರೆಯ ನೀರಿನಂತೆ ಮಲಗಿತ್ತು. ಐದರ ಹೊತ್ತಿಗೆ ಗೋಡೆಯಂತೆ ಎದ್ದಿತ್ತು. ಆಮೇಲೆ ಒಂದು ಗಂಟೆ ಏರಿಳಿತ.

ಐವತ್ತೆಂಟು ಎಂಬುದು ಇದೇ ಎಂದು ಚರಿತಾಳಿಗೆ ಅರ್ಥವಾಯಿತು. ತನ್ನ ಬಳಿ ಬಂದೊಡನೆ ಮಗು ಕದಡಿಹೋಗುತ್ತದೆ. ನನ್ನನ್ನು ಕಂಡರೆ ಅವಳಿಗೆ ಹೆದರಿಕೆಯಾ ಎಂದು ಕೇಳಿದಳು.

ಜಬೀನ್ ಮೇಡಂ ಕುರ್ಚಿ ತಿರುಗಿಸಿ ಅವಳನ್ನು ನೋಡಿದರು. “ಹೆದರಿಕೆ ಅಂತ ಯಾರಮ್ಮ ಹೇಳಿದ್ದು? ಮಣಿಗೆ ಎದೆ ಹೊಡ್ಕೊಳೋದು ಗೊತ್ತಾಗ್ತದೆ, ಯಾಕೆ ಹೊಡ್ಕೊಳ್ತದೆ ಅಂತ ಗೊತ್ತಾಗಲ್ಲ. ಭಯಕ್ಕೂ ಎದ್ದೇಳ್ತದೆ, ಖುಷಿಗೂ ಎದ್ದೇಳ್ತದೆ. ಅದು ಎರಡನ್ನೂ ಅಶಾಂತಿ ಅಂತ್ಲೇ ಬರ್ಕೊಳೋದು.” ಬೆರಳಿನಿಂದ ಗೆರೆ ಎದ್ದ ಜಾಗವನ್ನು ತೋರಿಸಿದರು. ಭಯವಾದರೆ ಉಸಿರು ಹಿಡಿದು ನಿಲ್ಲುತ್ತದಂತೆ, ಮೈ ತಣ್ಣಗಾಗುತ್ತದಂತೆ. ಇಲ್ಲಿ ಉಸಿರು ಬಿಚ್ಚಿಕೊಂಡಿದೆ, ಮೈ ಬೆಚ್ಚಗಾಗಿದೆ. ನಾಲ್ಕೂ ಐವತ್ತೈದಕ್ಕೇ ಶುರುವಾಗುತ್ತದೆ, ಅಂದರೆ ಮೆಟ್ಟಿಲಿಳಿಯುವಾಗಲೇ. “ಬರ್ತಾ ಇದೀನಿ ಅಂತ ಕುಣೀತಿದಾಳೆ ನಿಮ್ಮ ಮಗಳು. ಈ ತಿಂಗಳು ಸ್ವಲ್ಪ ಕಮ್ಮಿ ಆಗಿದೆ. ಏನು ಮಾಡಿದ್ರಿ?”

ಚರಿತಾ ಕಣ್ಣು ಒರೆಸಿಕೊಂಡಳು. ಒಳಗೆ ಎರಡು ತಿಂಗಳಿಂದ ಬಿಗಿದಿದ್ದ ಯಾವುದೋ ಗಂಟು ಸಡಿಲವಾಯಿತು. ಇಲ್ಲಿಗೆ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟು ದಿನ ಉರಿದ ಮನಸ್ಸಿಗೆ ತನ್ನ ಗೆಲುವು ಸಾಲಲಿಲ್ಲ, ಸಿಂಚನಾಳ ಸೋಲೂ ಬೇಕಾಗಿತ್ತು. ನಚಿಯದನ್ನು ತೋರಿಸಿ ಎಂದಳು.

ನಚಿಯ ಗೆರೆ ಸಂಜೆ ಐದಕ್ಕೆ ಅಲುಗಿರಲಿಲ್ಲ. ತಾಯಿ ಬಂದು ಎತ್ತಿಕೊಂಡಾಗ ಅದು ಮಲಗಿದ್ದಲ್ಲೇ ಮಲಗಿತ್ತು. ಬೆಳಿಗ್ಗೆ ಎಂಟಕ್ಕೆ ಎದ್ದಿತ್ತು. ಪ್ರತಿ ದಿನ, ಎಂಟಕ್ಕೆ ಒಂದೆರಡು ನಿಮಿಷ ಮೊದಲೇ, ಬೆಚ್ಚಗೆ, ಉಸಿರು ಬಿಚ್ಚಿಕೊಂಡು.

“ಇದು ಯಾರ ಮನೆ ಬಾಗಿಲು?” ಎಂದರು ಜಬೀನ್ ಮೇಡಂ, ಗೊತ್ತಿದ್ದೂ.

“ನಮ್ಮನೇದು.”

ಅವರು ನಿಮ್ಮ ಮಗಳ ಬೆಳಗಿನ ಗೆರೆಯನ್ನೂ ನೋಡುತ್ತೀರಾ ಎಂದು ಕೇಳಿದರು. ಚರಿತಾ ಆಗಲೇ ಎದ್ದು ನಿಂತಿದ್ದಳು. ಸಾಕು ಮೇಡಂ, ಬಸ್ಸಿಗೆ ಹೊತ್ತಾಯಿತು ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ತನ್ನಷ್ಟಕ್ಕೆ ನಕ್ಕಳು. ನನ್ನ ಮಗಳೂ ನನ್ನವಳೇ, ಅವಳ ಮಗನೂ ನನ್ನವನೇ. ಇಡೀ ದಾರಿ ಅದೊಂದೇ ಮಾತು ತಲೆಯಲ್ಲಿ ಸುತ್ತಿತು. ಸಂಜೆ ಹೊನ್ನಿಯನ್ನು ಹಾರಿಸಿ ಹಾರಿಸಿ ಹಿಡಿದಳು. ಮಗು ಬಿಕ್ಕಳಿಕೆ ಬರುವಷ್ಟು ನಕ್ಕಿತು.

ಶುಕ್ರವಾರ ಬೆಳಿಗ್ಗೆ ಸಿಂಚನಾ ಎಂದಿನಂತೆ ಬಂದಳು. ಬಾಗಿಲು ತೆರೆದೊಡನೆ ನಚಿ ಎರಡೂ ಕೈ ಚಾಚಿ ಚರಿತಾಳ ಮೇಲೆ ಬಿದ್ದ. ಅವನ ಎದೆ ಗುಬ್ಬಚ್ಚಿಯದಂತೆ ಹೊಡೆದುಕೊಳ್ಳುತ್ತಿತ್ತು. ದಿನವೂ ಹೀಗೆಯೇ ಇರುತ್ತಿತ್ತೇನೋ, ಅವಳು ಗಮನಿಸಿರಲಿಲ್ಲ. ಸಿಂಚನಾ ಹೊಸ ಆದೇಶದ ವಿಷಯ ಹೇಳಿದಳು. ಯಾರೋ ದೂರು ಕೊಟ್ಟಿದ್ದಾರಂತೆ, ಬೀದಿಯಲ್ಲಿ ಯಾರಿಗೆ ನಾನೇನು ಮಾಡಿದ್ದೆ ಎಂದಳು. ಮೂರು ತಿಂಗಳು ಪಾಲಿಲ್ಲದೆ ಹೇಗೋ ನಡೆದೀತು, ಇವನನ್ನು ಎಲ್ಲೋ ದೂರದ ಬಡಾವಣೆಗೆ ಹಾಕಿದ್ದಾರೆ, ಅದೇ ಯೋಚನೆ. ಅಷ್ಟು ಹೇಳಿ, ಹೊನ್ನಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಆ ದಿನ ಚರಿತಾಳಿಗೆ ಅನ್ನ ಸೇರಲಿಲ್ಲ. ನಚಿ ಅನ್ನಕ್ಕೆ ಸಾರು ಹಾಕಿದರೆ ತಿನ್ನುವುದಿಲ್ಲ, ಸಾರಿನ ಬಟ್ಟಲಿಗೇ ಅನ್ನ ಹಾಕಬೇಕು. ನಿದ್ದೆ ಬರುವ ಮೊದಲು ಎಡಗಿವಿಯನ್ನು ಕೆರೆದುಕೊಳ್ಳುತ್ತಾನೆ. ಅದನ್ನು ನೋವು ಎಂದುಕೊಳ್ಳಬಾರದು. ಆ ದೂರದ ಬಡಾವಣೆಯಲ್ಲಿ ಅವನನ್ನು ನೋಡಿಕೊಳ್ಳುವವಳಿಗೆ ಇದು ಗೊತ್ತೇ? ಗೊತ್ತಾಗದಿದ್ದರೆ ಅಳುತ್ತಾನೆ. ಗೊತ್ತಾದರೆ? ಒಂದೆರಡು ತಿಂಗಳಲ್ಲಿ ಗೊತ್ತಾಗಿಯೇ ತೀರುತ್ತದೆ. ಆಗ ಬೆಳಿಗ್ಗೆ ಎಂಟಕ್ಕೆ ಅವನ ಎದೆ ಆ ಬಾಗಿಲಲ್ಲಿ ಹೊಡೆದುಕೊಳ್ಳುತ್ತದೆ. ಮುಖವೇ ನೋಡಿರದ ಆ ಹೆಂಗಸಿನ ಮೇಲೆ ಚರಿತಾಳಿಗೆ ಹೊಟ್ಟೆಕಿಚ್ಚು ಹತ್ತಿತು. ಹೊನ್ನಿಯನ್ನು ತೆಗೆದುಕೊಳ್ಳಲಿರುವ ಇನ್ನೊಬ್ಬಳ ಮೇಲೂ. ಸಿಂಚನಾ ಎಷ್ಟೋ ವಾಸಿ ಎನಿಸಿತು. ದೂರನ್ನು ಹಿಂತೆಗೆದುಕೊಳ್ಳಬೇಕು ಎಂದುಕೊಂಡಳು. ಅವಳ ಮೇಲಿನ ಕರುಣೆಯಿಂದ ತಾನು ದೂರು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿಕೊಳ್ಳಲು ನೋಡಿದಳು. ಮನಸ್ಸು ಒಪ್ಪಲಿಲ್ಲ.

ಹಿಂತೆಗೆದುಕೊಳ್ಳುವ ಅರ್ಜಿಗೆ ಎದುರು ಕಡೆಯವರ ಹೆಬ್ಬೆಟ್ಟು ಬೇಕಿತ್ತು. ಹೆಬ್ಬೆಟ್ಟು ಒತ್ತುವ ಪುಟದಲ್ಲಿ ದೂರು ಪೂರ್ತಿಯಾಗಿ ಕಾಣುತ್ತಿತ್ತು, ಕೊಟ್ಟವರ ಹೆಸರಿನೊಂದಿಗೆ.

ಸಂಜೆ ಸಿಂಚನಾ ಹೊನ್ನಿಯನ್ನು ತಂದಾಗ ಚರಿತಾ ಅವಳನ್ನು ಒಳಗೆ ಕರೆದು ಕೂರಿಸಿದಳು. ಮಕ್ಕಳಿಬ್ಬರೂ ಒಂದು ತಟ್ಟೆ ಮಂಡಕ್ಕಿಗೆ ಕಿತ್ತಾಡತೊಡಗಿದರು. ಚರಿತಾ ಫೋನನ್ನು ಅವಳ ಕೈಗೆ ಕೊಟ್ಟಳು.

ಸಿಂಚನಾ ಓದಿದಳು. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ಅವಳ ಕಿವಿಯ ತುದಿ ಕೆಂಪಾದದ್ದು ಮಾತ್ರ ಕಂಡಿತು. ಹೊಗೆಗೆ ಕೆಂಡ ಕೊಟ್ಟವರು ನಿಮ್ಮಮ್ಮನೇ ಅಲ್ಲವಾ ಎಂದಳು. ಹೌದು ಎಂದಳು ಚರಿತಾ. ಅಂಕ ನೋಡಿ ತಲೆ ಕೆಟ್ಟಿತ್ತು ಎಂದಳು. ತಪ್ಪಾಯಿತು ಅಕ್ಕ ಎಂದಳು. ಅಕ್ಕ ಎಂಬುದು ಎರಡು ತಿಂಗಳ ಮೇಲೆ ಮೆತ್ತಗೆ ಬಂತು.

“ಕೇಂದ್ರಕ್ಕೆ ಹೋಗಿದ್ಯಂತೆ, ಲೋಹಿತ್ ಹೇಳ್ದ,” ಎಂದಳು ಸಿಂಚನಾ. “ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ. ಇಬ್ರದೂ ತೋರಿಸ್ತಾರೆ ಅಲ್ಲಿ. ನಚಿದು ನೋಡಿದ್ಯಾ?”

ಚರಿತಾ ಮಕ್ಕಳ ಕಡೆ ನೋಡಿದಳು. ಎಷ್ಟು ದಿನ ಕಾದಿದ್ದ ಗಳಿಗೆ ಇದು. ಒಂದು ಮಾತು ಸಾಕಿತ್ತು. “ಇಲ್ಲ,” ಎಂದಳು. “ಹೊತ್ತಾಗಿಹೋಯ್ತು. ನೋಡ್ಲಿಲ್ಲ.”

“ಸುಳ್ಳು ಹೇಳಕ್ಕೆ ಬರಲ್ಲ ನಿಂಗೆ.” ಸಿಂಚನಾಳ ದನಿ ಏರಲಿಲ್ಲ. “ಅದನ್ನ ನೋಡಕ್ಕೆ ನಂಗೆ ಯಾವ ಕೇಂದ್ರ ಬೇಕು ಚರಿ? ಒಂದು ವರ್ಷದಿಂದ ದಿನಾ ಬೆಳಿಗ್ಗೆ ಅವನು ನನ್ನ ಕಂಕುಳಲ್ಲೇ ಇರ್ತಾನೆ. ನಮ್ಮನೆ ಮೆಟ್ಟಿಲು ಇಳಿಯೋವರೆಗೂ ಸುಮ್ನಿರ್ತಾನೆ. ನಿಮ್ಮನೆ ಗೇಟು ಕಾಣ್ತಿದ್ದಂಗೆ ಅವನ ಎದೆ ಇಲ್ಲಿ ಹೊಡೆಯೋಕೆ ಶುರು ಮಾಡುತ್ತೆ.” ತನ್ನ ಪಕ್ಕೆಯನ್ನು ಅಂಗೈಯಿಂದ ಮುಟ್ಟಿ ತೋರಿಸಿದಳು. “ನನ್ನ ಮೂಳೆ ಮೇಲೇ ಹೊಡೆಯುತ್ತೆ. ಹಂಗಿದ್ರೂ ನಿನ್ನ ಬಾಗಿಲು ತಟ್ಟಿದೀನಿ.”

ಮಂಡಕ್ಕಿ ತಟ್ಟೆ ಮಗುಚಿ ನೆಲವೆಲ್ಲ ಹರಡಿತು. ಇಬ್ಬರೂ ಏಳಲಿಲ್ಲ.

ಸಿಂಚನಾ ಹೆಬ್ಬೆಟ್ಟನ್ನು ಫೋನಿನ ಮೇಲೆ ಒತ್ತಿದಳು. ಹಸಿರು ಗುರುತು ಬಂತು; ದೂರು ಹಿಂದಕ್ಕೆ ಹೋಯಿತು, ಜೋಡಿ ಉಳಿಯಿತು. ಮಗನನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ನಾಳೆಯಿಂದ ನಾನು ಬರುವುದಿಲ್ಲ, ಹೊನ್ನಿಯನ್ನು ನೀನೇ ನಮ್ಮನೆಗೆ ಕರೆದುಕೊಂಡು ಬಾ, ನಚಿಯನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗು ಎಂದಳು. ಯಾಕೆಂದು ಹೇಳಲಿಲ್ಲ. ಕೇಳುವ ಹಕ್ಕು ಚರಿತಾಳಿಗೆ ಉಳಿದಿರಲಿಲ್ಲ. ಮೆಟ್ಟಿಲು ಹತ್ತಿ ಇಳಿಯುವ ದಣಿವು ಇನ್ನು ನನ್ನ ಪಾಲು, ಅಷ್ಟು ಶಿಕ್ಷೆ ಕಡಿಮೆಯೇ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ಅವಳು ಹೊನ್ನಿಯನ್ನು ಕಂಕುಳಿಗೆ ಏರಿಸಿಕೊಂಡು, ಭುಜಕ್ಕೆ ಚೀಲ ಹಾಕಿಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಆಗಲೇ ಗದ್ದಲ ಶುರುವಾಗಿತ್ತು. ಅಪರೂಪಕ್ಕೆ ಹೊಸ್ತಿಲು ದಾಟಿದವಳನ್ನು ಕಂಡು ಒಬ್ಬಿಬ್ಬರು ಏನಮ್ಮ ಇವತ್ತು ಸವಾರಿ ಎಂದು ಕಿಚಾಯಿಸಿದರು. ಅವಳು ನಕ್ಕು ಬೀದಿ ದಾಟಿದಳು. ಮಗು ಅವಳ ಸರವನ್ನು ಬಾಯಿಗಿಟ್ಟುಕೊಂಡು ಸುಮ್ಮನಿತ್ತು.

ಮೆಟ್ಟಿಲು ಕಡಿದಾಗಿದ್ದವು. ನಾಲ್ಕು ಹತ್ತಿದಳು. ಐದನೆಯದರ ಮೇಲೆ ಹೊನ್ನಿ ಸರವನ್ನು ಬಾಯಿಂದ ಬಿಟ್ಟು ಕತ್ತೆತ್ತಿ ಮೇಲೆ ನೋಡಿದಳು. ಇನ್ನೆರಡು ಹತ್ತುವಷ್ಟರಲ್ಲಿ ಚರಿತಾಳ ಪಕ್ಕೆಯ ಹತ್ತಿರ ಏನೋ ಡುಬುಡುಬು ಬಡಿಯತೊಡಗಿತು. ಹತ್ತಿದ ದಣಿವಿಗೆ ತನ್ನ ಎದೆಯೇ ಇರಬೇಕು ಎಂದುಕೊಂಡಳು. ತಿರುವಿನಲ್ಲಿ ಗೋಡೆಗೆ ಕೈಕೊಟ್ಟು ನಿಂತಳು. ಉಸಿರು ತಹಬಂದಿಗೆ ಬರಲಿ ಎಂದು ಕಾದಳು.

ಅವಳ ಎದೆ ನಿಧಾನವಾಯಿತು. ಇನ್ನೊಂದು ಆಗಲಿಲ್ಲ. ಉಡಿದಾರದ ಮಣಿಗಿಂತ ಒಂದು ಗೇಣು ಮೇಲೆ, ಅವಳ ಮೂಳೆಯ ಮೇಲೇ, ಬೆಚ್ಚಗೆ, ಅವಸರವಸರವಾಗಿ ಹೊಡೆಯುತ್ತಲೇ ಇತ್ತು. ಮೇಲಿನ ಮನೆಯಿಂದ ದೋಸೆಯ ಕಾವಲಿ ಚುಯ್ ಎನ್ನುವುದು ಕೇಳಿಸಿತು. ಅದು ಇನ್ನೂ ಜೋರಾಯಿತು.

ಕೆಳಗೆ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಚರಿತಾ ಮಗಳನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡು, ಉಳಿದ ಮೆಟ್ಟಿಲುಗಳನ್ನು ಹತ್ತಿ, ಬಾಗಿಲು ತಟ್ಟಿದಳು.